ಮನೆಯಲ್ಲೇ ಸಂಗೀತ ಮುದ್ರಿಸುವವರಿಗೆ ಸದ್ದಿಲ್ಲದ, ಕೈಕೊಡದ ಕಂಪ್ಯೂಟರ್ ಜೋಡಿಸುವ ಬಗೆ

ಸಂಗೀತಕ್ಕೆಂದು ಕಂಪ್ಯೂಟರ್ ಜೋಡಿಸಲು ಹೊರಟವರು ಹೆಚ್ಚಾಗಿ ಗೇಮ್ ಆಡುವವರಿಗೆಂದು ಬರೆದ ಸಲಹೆಗಳನ್ನೇ ಓದಿರುತ್ತಾರೆ. ಅತಿ ವೇಗದ ಪ್ರೊಸೆಸರ್, ದೊಡ್ಡ ಗ್ರಾಫಿಕ್ಸ್ ಕಾರ್ಡ್, ದೀಪ ಮಿನುಗುವ ಆರು ಫ್ಯಾನ್. ಎಲ್ಲ ಜೋಡಿಸಿ ಮೈಕ್ ಮುಂದೆ ಕುಳಿತ ಮೇಲೆ ಎರಡು ತೊಂದರೆಗಳು ಒಟ್ಟಿಗೇ ಎದುರಾಗುತ್ತವೆ. ಹಾಡಿನ ಹಿಂದೆ ಫ್ಯಾನಿನ ಮೊರೆತ ಕೇಳುತ್ತದೆ. ಅಷ್ಟೊಂದು ವೇಗದ ಯಂತ್ರವಾಗಿದ್ದರೂ ನಡುನಡುವೆ ಧ್ವನಿ ಚಟ್ ಎಂದು ಒಡೆಯುತ್ತದೆ. ಈ ಎರಡಕ್ಕೂ ಬಹುತೇಕ ಕಾರಣ ಒಂದೇ: ಬೇಡದ ಬಿಸಿ ಮತ್ತು ಬೇಡದ ಭಾಗಗಳು. ಅವನ್ನು ಮೊದಲಿನಿಂದಲೇ ದೂರವಿಟ್ಟರೆ ಸದ್ದೂ ಇಳಿಯುತ್ತದೆ, ಕೆಲಸದ ನಡುವೆ ಯಂತ್ರ ಕೈಕೊಡುವುದೂ ತಪ್ಪುತ್ತದೆ.

ಇಲ್ಲಿ ವೇಗವೆಂದರೆ ಗಡುವು ತಪ್ಪದಿರುವುದು

ಭಾಗಗಳನ್ನು ಆರಿಸುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿ ಕೂರಬೇಕು. ಮೈಕ್, ಸ್ಪೀಕರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್ ಕಂಪ್ಯೂಟರ್‌ನಿಂದ ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಪಡೆಯುತ್ತದೆ. ಒಂದು ಕಂತಿನ ಗಾತ್ರವನ್ನೇ ನಾವು ಬಫರ್ ಎನ್ನುತ್ತೇವೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆ) ತೆಗೆಯುವಾಗ, 64 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಪ್ರತಿ ಕಂತಿಗೆ ಸಿಗುವ ಸಮಯ 1.33 ಮಿಲಿಸೆಕೆಂಡ್. 128 ಇಟ್ಟರೆ 2.67, 256 ಇಟ್ಟರೆ 5.33, 1024 ಇಟ್ಟರೆ ಸುಮಾರು 21.3 ಮಿಲಿಸೆಕೆಂಡ್. ಎಲ್ಲ ಟ್ರ್ಯಾಕ್‌ಗಳ, ಎಲ್ಲ ಪ್ಲಗಿನ್‌ಗಳ (ಧ್ವನಿ ಹದಗೊಳಿಸುವ ಅಥವಾ ವಾದ್ಯವಾಗಿ ನುಡಿಯುವ ಸಣ್ಣ ತಂತ್ರಾಂಶಗಳ) ಲೆಕ್ಕ ಅಷ್ಟರೊಳಗೆ ಮುಗಿಯಬೇಕು. ಸಾವಿರ ಕಂತುಗಳು ಸರಿಯಾಗಿ ತಲುಪಿ ಒಂದೇ ಒಂದು ತಡವಾದರೂ ಆ ಜಾಗದಲ್ಲಿ ಧ್ವನಿ ಒಡೆಯುತ್ತದೆ. ಹಾಗಾಗಿ ಯಂತ್ರದ ಸರಾಸರಿ ವೇಗ ಎಷ್ಟೆಂಬುದು ದೊಡ್ಡ ಮಾತಲ್ಲ. ಅದರ ಅತಿ ಕೆಟ್ಟ ಕ್ಷಣ ಎಷ್ಟು ಕೆಟ್ಟದ್ದು ಎಂಬುದನ್ನು ನೋಡಬೇಕು.

ಬಫರ್ ದೊಡ್ಡದಾದಷ್ಟೂ ಯಂತ್ರಕ್ಕೆ ಬಿಡುವು ಸಿಗುತ್ತದೆ, ಆದರೆ ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳುತ್ತದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಹೋಗಿ ಬರುವ ಒಟ್ಟು ವಿಳಂಬ 10 ಮಿಲಿಸೆಕೆಂಡ್ ಆದರೆ ಮೂರೂವರೆ ಮೀಟರ್ ದೂರದ ಸ್ಪೀಕರ್ ಕೇಳಿಕೊಂಡು ನುಡಿಸಿದಂತಾಗುತ್ತದೆ. ಕೀಬೋರ್ಡ್ ನುಡಿಸುವವರು ಇದನ್ನು ಹೇಗೋ ಸಹಿಸಿಕೊಳ್ಳುತ್ತಾರೆ. ಹೆಡ್‌ಫೋನಿನಲ್ಲಿ ತಮ್ಮದೇ ದನಿ ಕೇಳುವ ಗಾಯಕರಿಗೆ, ತಾಳವಾದ್ಯ ನುಡಿಸುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. 128ರ ಬಫರ್‌ನಲ್ಲಿ ಒಡೆಯದೆ ಮುದ್ರಿಸಬಲ್ಲ ಯಂತ್ರ ಮನೆಯ ಬಹುಪಾಲು ಕೆಲಸಕ್ಕೆ ಧಾರಾಳವಾಗಿ ಸಾಕು. ಮಿಕ್ಸಿಂಗ್ ಮಾಡುವಾಗ 1024ಕ್ಕೆ ಏರಿಸಿಕೊಂಡರೆ ಯಾರಿಗೂ ನಷ್ಟವಿಲ್ಲ.

ನಿಮ್ಮ ಕೆಲಸ ಯಾವುದು ಎಂದು ಬರೆದುಕೊಳ್ಳಿ

ಒಂದು ಹಾಳೆಯ ಮೇಲೆ ಮೂರು ವಿಷಯ ಬರೆದರೆ ಸಾಕು: ಒಮ್ಮೆಗೆ ಎಷ್ಟು ಮೈಕ್ ಮುದ್ರಿಸುತ್ತೀರಿ, ಸಾಫ್ಟ್‌ವೇರ್ ವಾದ್ಯಗಳನ್ನು ಎಷ್ಟು ಬಳಸುತ್ತೀರಿ, ದೊಡ್ಡ ಸ್ಯಾಂಪಲ್ ಲೈಬ್ರರಿಗಳು (ನಿಜವಾದ ವಾದ್ಯಗಳ ಮುದ್ರಿತ ಧ್ವನಿಗಳ ಸಂಗ್ರಹಗಳು) ಬೇಕೇ ಎಂದು. ಗಾಯನ, ಗಿಟಾರ್, ಕೊಳಲು ಮುದ್ರಿಸಿ ಹದ ಮಾಡುವವರಿಗೆ ಸಾಧಾರಣ ಯಂತ್ರ ಸಾಕು. ಸಿಂಥ್ ಪ್ಲಗಿನ್‌ಗಳನ್ನು ಪೇರಿಸುವವರಿಗೆ ಪ್ರೊಸೆಸರ್ ಮುಖ್ಯ. ಆರ್ಕೆಸ್ಟ್ರಾ ಲೈಬ್ರರಿ ಬಳಸುವವರಿಗೆ ರ್ಯಾಮ್ ಮತ್ತು ಎಸ್‌ಎಸ್‌ಡಿ ಮುಖ್ಯ. ಈ ಹಾಳೆಯಲ್ಲಿ ಇಲ್ಲದ ಕೆಲಸಕ್ಕೆಂದು ಯಾವ ಭಾಗವನ್ನೂ ಕೊಳ್ಳಬೇಡಿ.

ಪ್ರೊಸೆಸರ್: ಬಿಸಿ ಇಲ್ಲಿಂದಲೇ ಹುಟ್ಟುತ್ತದೆ

ಕೋರ್‌ಗಳು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಆಡಿಯೊ ವಿಷಯದಲ್ಲಿ ಅರ್ಧ ಮಾತ್ರ ನಿಜ. ಬೇರೆ ಬೇರೆ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚಬಹುದು. ಆದರೆ ಒಂದೇ ಟ್ರ್ಯಾಕ್ ಮೇಲೆ ಸಾಲಾಗಿ ಕೂತ ಈಕ್ಯು (ಆವರ್ತನಗಳನ್ನು ಏರಿಳಿಸುವುದು), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು), ರಿವರ್ಬ್ (ಮಾರ್ದನಿ ಸೇರಿಸುವುದು) ಪ್ಲಗಿನ್‌ಗಳನ್ನು ಹಾಗೆ ಹಂಚಲಾಗುವುದಿಲ್ಲ. ಮೊದಲನೆಯದರ ಫಲ ಬಂದ ಮೇಲೆಯೇ ಎರಡನೆಯದರ ಲೆಕ್ಕ ಶುರುವಾಗುವುದು. ಒಬ್ಬನೇ ಹೊತ್ತು ಮೆಟ್ಟಿಲು ಹತ್ತಬೇಕಾದ ಮೂಟೆಗೆ ಪಕ್ಕದಲ್ಲಿ ಹತ್ತು ಜನ ನಿಂತಿದ್ದರೂ ಪ್ರಯೋಜನವಿಲ್ಲ. ಎಲ್ಲ ಟ್ರ್ಯಾಕ್‌ಗಳೂ ಕೊನೆಗೆ ಬಂದು ಸೇರುವ ಮಾಸ್ಟರ್ ಚಾನೆಲ್ ಮೇಲೆ ಭಾರದ ಪ್ಲಗಿನ್‌ಗಳನ್ನು ಹೇರಿದಾಗ ಯಂತ್ರ ತಿಣುಕುವುದು ಇದೇ ಕಾರಣಕ್ಕೆ. ಹಾಗಾಗಿ ಪ್ರೊಸೆಸರ್ ಆರಿಸುವಾಗ ಒಂದು ಕೋರಿನ ವೇಗವನ್ನು ಮೊದಲು ನೋಡಿ, ಕೋರ್‌ಗಳ ಸಂಖ್ಯೆಯನ್ನು ಆಮೇಲೆ. ಆರರಿಂದ ಎಂಟು ವೇಗದ ಕೋರ್‌ಗಳಿದ್ದರೆ ಹೆಚ್ಚಿನವರಿಗೆ ಯಾವ ಕೊರತೆಯೂ ಕಾಣುವುದಿಲ್ಲ.

ಇನ್ನು ಬಿಸಿ. ಇಂಟೆಲ್‌ನ ಕೋರ್ ಐ9-14900ಕೆ ಪೂರ್ಣ ವೇಗದಲ್ಲಿ 253 ವ್ಯಾಟ್ ವರೆಗೆ ಎಳೆಯುವಂತೆ ರೂಪಿಸಿದ ಪ್ರೊಸೆಸರ್. ಅಷ್ಟು ಬಿಸಿಯನ್ನು ಸದ್ದಿಲ್ಲದೆ ಹೊರಹಾಕುವುದು ಬಹಳ ಕಷ್ಟ. 65 ವ್ಯಾಟ್ ವರ್ಗದ ಪ್ರೊಸೆಸರ್ ಆದರೆ ದೊಡ್ಡ ಹೀಟ್‌ಸಿಂಕ್ ಮತ್ತು ನಿಧಾನವಾಗಿ ತಿರುಗುವ ಒಂದು ಫ್ಯಾನ್ ಸಾಕು. ಪ್ರೊಸೆಸರ್‌ನಿಂದ ಕೊನೆಯ ಹತ್ತಿಪ್ಪತ್ತು ಪ್ರತಿಶತ ವೇಗವನ್ನು ಹಿಂಡಲು ಹೋದಾಗಲೇ ವಿದ್ಯುತ್ ಬಳಕೆ ವಿಪರೀತ ಏರುವುದು. ಹೆಚ್ಚು ವ್ಯಾಟಿನ ಪ್ರೊಸೆಸರ್ ಈಗಾಗಲೇ ನಿಮ್ಮ ಬಳಿ ಇದ್ದರೂ ಚಿಂತೆಯಿಲ್ಲ. ಎಎಂಡಿ ರೈಜನ್ ಆದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಮಾಡಿದೊಡನೆ ತೆರೆಯಬಹುದಾದ ಮದರ್‌ಬೋರ್ಡಿನ ಮೂಲ ತಂತ್ರಾಂಶ) ವಿದ್ಯುತ್ ಬಳಕೆ ತಗ್ಗಿಸುವ ಇಕೋ ಮೋಡ್ ಆನ್ ಮಾಡಿ; ಇಂಟೆಲ್ ಆದರೆ ಪಿಎಲ್1, ಪಿಎಲ್2 ಎಂಬ ವಿದ್ಯುತ್ ಮಿತಿಗಳನ್ನು ಇಳಿಸಿ. ಕೆಲಸದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು, ಫ್ಯಾನಿನ ಸದ್ದಿನಲ್ಲಿ ಚೆನ್ನಾಗಿ ಕಾಣುತ್ತದೆ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಬಳಸುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಹಲವು ಮಾದರಿಗಳು ಅತಿ ವೋಲ್ಟೇಜ್‌ನಿಂದಾಗಿ ಕಾಲಕ್ರಮೇಣ ಅಸ್ಥಿರವಾಗುವ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ (ಪ್ರೊಸೆಸರ್‌ನೊಳಗಿನ ಮೂಲ ಸೂಚನೆಗಳು) ತಿದ್ದುಪಡಿಗಳನ್ನು ಕೊಟ್ಟಿತು. ಅವು ಮದರ್‌ಬೋರ್ಡಿನ ಬಯೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಉಳಿದ ಯಾವ ಕೆಲಸಕ್ಕೂ ಮೊದಲು ಬಯೋಸ್ ಅನ್ನು ಹೊಸ ಆವೃತ್ತಿಗೆ ತನ್ನಿ.

ಗ್ರಾಫಿಕ್ಸ್ ತನ್ನೊಳಗೇ ಇರುವ ಪ್ರೊಸೆಸರ್ ಮಾದರಿಯನ್ನೇ ಕೊಳ್ಳಿ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಸಂಗೀತದ ತಂತ್ರಾಂಶಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಅದನ್ನು ಬಿಟ್ಟರೆ ಒಂದೆರಡು ಫ್ಯಾನ್, ಸಾಕಷ್ಟು ಬಿಸಿ, ತಂಟೆ ಮಾಡಬಲ್ಲ ಒಂದು ಡ್ರೈವರ್, ಎಲ್ಲವೂ ಒಟ್ಟಿಗೆ ತಪ್ಪುತ್ತವೆ. ವಿಡಿಯೊ ಸಂಕಲನವನ್ನೂ ಮಾಡುವವರು ಮಾತ್ರ, ಕಡಿಮೆ ಕೆಲಸವಿದ್ದಾಗ ಫ್ಯಾನ್ ಪೂರ್ತಿ ನಿಲ್ಲಿಸುವ ಕಾರ್ಡ್ ನೋಡಿಕೊಳ್ಳಲಿ.

ಮದರ್‌ಬೋರ್ಡ್, ರ್ಯಾಮ್, ಸಂಗ್ರಹ

ಮದರ್‌ಬೋರ್ಡಿನಲ್ಲಿ ನೋಡಬೇಕಾದದ್ದು ಮೂರು. ಹಿಂಬದಿಯಲ್ಲಿ ಸಾಕಷ್ಟು ಯುಎಸ್‌ಬಿ ಪೋರ್ಟ್‌ಗಳಿರಬೇಕು. ಪ್ರತಿ ಫ್ಯಾನ್ ಹೆಡರ್‌ನ ವೇಗವನ್ನು ಬಯೋಸ್‌ನಲ್ಲಿ ಬೇರೆ ಬೇರೆಯಾಗಿ ಹೊಂದಿಸಲು ಬರಬೇಕು. ಚಿಪ್‌ಸೆಟ್ ಮೇಲೆ ಪುಟ್ಟ ಫ್ಯಾನ್ ಇರಬಾರದು. ಅಷ್ಟು ಚಿಕ್ಕ ಫ್ಯಾನ್‌ಗಳು ಕೀಚಲು ದನಿ ಹೊರಡಿಸುತ್ತವೆ, ಬೇಗ ಸವೆಯುತ್ತವೆ. ನಿಮ್ಮ ಆಡಿಯೊ ಇಂಟರ್‌ಫೇಸ್ ಥಂಡರ್‌ಬೋಲ್ಟ್‌ನದಾಗಿದ್ದರೆ ಬೋರ್ಡಿನಲ್ಲಿ ಆ ಪೋರ್ಟ್ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ರ್ಯಾಮ್ 16 ಜಿಬಿಗಿಂತ ಕಡಿಮೆ ಬೇಡ, 32 ಜಿಬಿ ನೆಮ್ಮದಿ, ಆರ್ಕೆಸ್ಟ್ರಾ ಲೈಬ್ರರಿ ಬಳಸುವವರಿಗೆ 64 ಅಥವಾ ಹೆಚ್ಚು. ಬೇಕಾದ ಗಾತ್ರವನ್ನು ಎರಡು ಸ್ಟಿಕ್‌ಗಳಲ್ಲೇ ಕೊಂಡುಕೊಳ್ಳಿ. ನಾಲ್ಕು ಸ್ಟಿಕ್ ಹಾಕಿದರೆ ಡಿಡಿಆರ್5 ರ್ಯಾಮ್ ಸಾಮಾನ್ಯವಾಗಿ ಕಡಿಮೆ ವೇಗಕ್ಕೆ ಇಳಿಯುತ್ತದೆ, ಅಸ್ಥಿರತೆಯ ಸಾಧ್ಯತೆಯೂ ಹೆಚ್ಚು. ಎಕ್ಸ್‌ಎಂಪಿ, ಎಕ್ಸ್‌ಪೋ ಪ್ರೊಫೈಲ್‌ಗಳೆಂದರೆ ರ್ಯಾಮ್ ಅನ್ನು ಅದರ ಸಹಜ ವೇಗ ಮೀರಿ ಓಡಿಸುವ ಒಂದು ಬಗೆಯ ಓವರ್‌ಕ್ಲಾಕಿಂಗ್ ಎಂಬುದು ನೆನಪಿರಲಿ. ಅವುಗಳಿಂದ ಸಂಗೀತಕ್ಕೆ ಸಿಗುವ ಲಾಭ ಅಲ್ಪ. ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಕಂಡರೂ ಪ್ರೊಫೈಲ್ ಬಿಟ್ಟು ರ್ಯಾಮ್‌ನ ಸಹಜ ವೇಗಕ್ಕೆ ಮರಳಿ.

ಯಂತ್ರದೊಳಗೆ ಹಾರ್ಡ್ ಡಿಸ್ಕ್ ಬೇಡವೇ ಬೇಡ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಎಂದರೆ ಸೆಕೆಂಡಿಗೆ 120 ಸುತ್ತು. ಆ 120 ಹರ್ಟ್ಸ್ ಕಂಪನ ಕ್ಯಾಬಿನೆಟ್‌ನ ತಗಡಿಗೆ, ಅಲ್ಲಿಂದ ಮೇಜಿಗೆ, ಮೇಜಿನಿಂದ ಮೈಕ್ ಸ್ಟ್ಯಾಂಡಿಗೆ ಹರಿಯುತ್ತದೆ. ಗಂಡುದನಿಯ ಕೆಳಸ್ವರಗಳು ಇರುವುದೂ ಅದೇ ಜಾಗದಲ್ಲಾದ್ದರಿಂದ ಅದನ್ನು ಈಕ್ಯುವಿನಿಂದ ಕತ್ತರಿಸಿದರೆ ಹಾಡಿನ ಮೈಯೂ ತೆಳುವಾಗುತ್ತದೆ. ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರಾಜೆಕ್ಟ್‌ಗಳಿಗೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಸ್ಯಾಂಪಲ್ ಲೈಬ್ರರಿಗಳಿಗೆ ಇನ್ನೊಂದು ಎಸ್‌ಎಸ್‌ಡಿ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಕಾಲದಲ್ಲಿ ಹೀಗೆ ಬೇರ್ಪಡಿಸುವುದು ವೇಗಕ್ಕಾಗಿ ಅನಿವಾರ್ಯವಾಗಿತ್ತು. ಈಗ ಅದರ ಲಾಭವೆಂದರೆ, ಸಿಸ್ಟಮ್ ಕೆಟ್ಟು ಮರುಸ್ಥಾಪಿಸುವ ಸಂದರ್ಭ ಬಂದಾಗ ನೂರಾರು ಜಿಬಿ ಲೈಬ್ರರಿಯನ್ನು ಮತ್ತೆ ಇಳಿಸಿಕೊಳ್ಳಬೇಕಿಲ್ಲ. ಬ್ಯಾಕಪ್‌ನ ಹಾರ್ಡ್ ಡಿಸ್ಕ್ ಹೊರಗಡೆ ಇರಲಿ, ಮುದ್ರಣದ ಹೊತ್ತಿನಲ್ಲಿ ಅದರ ಕೇಬಲ್ ಕಳಚಿರಲಿ.

ಕ್ಯಾಬಿನೆಟ್, ಕೂಲರ್, ಫ್ಯಾನ್, ಪವರ್ ಸಪ್ಲೈ

ಹಣ ಉಳಿಸಲು ಹೋಗಬಾರದ ಜಾಗ ಇದು. ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿದಾದರೂ ಕೂಲರ್ ಮತ್ತು ಫ್ಯಾನ್‌ಗಳನ್ನು ಒಳ್ಳೆಯದೇ ತೆಗೆದುಕೊಳ್ಳಿ.

ಫ್ಯಾನ್‌ಗಳ ಸದ್ದಿಗೆ ಒಂದು ಸರಳ ಲೆಕ್ಕವಿದೆ. ಅದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಆದರೆ ಒಂದು ಫ್ಯಾನಿನ ಜೊತೆಗೆ ಅಂಥದ್ದೇ ಇನ್ನೊಂದನ್ನು ಹಾಕಿದರೆ ಏರುವುದು 3 ಡೆಸಿಬೆಲ್ ಮಾತ್ರ. ಅಂದಮೇಲೆ ಒಂದು ಫ್ಯಾನನ್ನು ಓಡಿಸುವ ಬದಲು ಮೂರು ಫ್ಯಾನ್‌ಗಳನ್ನು ಅರ್ಧ ವೇಗದಲ್ಲಿ ನಡೆಸಿದರೆ ಗಾಳಿ ಹೆಚ್ಚೇ ಹಾಯುತ್ತದೆ, ಸದ್ದು ಮಾತ್ರ ಸುಮಾರು 10 ಡೆಸಿಬೆಲ್ ಕಡಿಮೆ. 120 ಮಿಲಿಮೀಟರಿಗಿಂತ 140 ಮಿಲಿಮೀಟರ್ ಫ್ಯಾನ್ ಉತ್ತಮ ಎನ್ನುವುದೂ ಇದೇ ತರ್ಕದಿಂದ: ಅಷ್ಟೇ ಗಾಳಿಗೆ ಅದು ನಿಧಾನವಾಗಿ ತಿರುಗಿದರೆ ಸಾಕು. ಬೋರ್ಡ್ ವೇಗ ಹೊಂದಿಸಬಲ್ಲ, ನಾಲ್ಕು ಪಿನ್‌ನ ಪಿಡಬ್ಲ್ಯುಎಂ ಫ್ಯಾನ್‌ಗಳನ್ನೇ ಕೊಳ್ಳಿ. ನೊಕ್ಟುವಾ, ಬಿ ಕ್ವಯಟ್, ಆರ್ಕ್ಟಿಕ್ ಮೊದಲಾದ ಕಂಪನಿಗಳ ಫ್ಯಾನ್‌ಗಳು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತವೆ.

ಪ್ರೊಸೆಸರ್ ತಣಿಸಲು ನೀರಿನ ಕೂಲರ್‌ಗಿಂತ ಗಾಳಿಯ ಕೂಲರನ್ನೇ ನಾನು ಮೆಚ್ಚುತ್ತೇನೆ. ನೀರಿನ ಕೂಲರ್‌ನಲ್ಲಿ ಪಂಪ್ ಸದಾ ತಿರುಗುತ್ತಿರುತ್ತದೆ, ಯಂತ್ರಕ್ಕೆ ಏನೂ ಕೆಲಸವಿಲ್ಲದಾಗಲೂ ಅದರ ಗುಂಯ್ ನಿಲ್ಲುವುದಿಲ್ಲ. ಗಾಳಿಯ ಕೂಲರ್‌ನಲ್ಲಿ ಚಲಿಸುವ ಭಾಗವೆಂದರೆ ಫ್ಯಾನ್ ಒಂದೇ; ಅದು ಕೆಟ್ಟರೂ ಲೋಹದ ರಾಶಿ ಒಂದಷ್ಟು ಹೊತ್ತು ಬಿಸಿಯನ್ನು ಹಿಡಿದಿಟ್ಟುಕೊಂಡು ಪ್ರಾಜೆಕ್ಟ್ ಉಳಿಸಿಕೊಳ್ಳಲು ಅವಕಾಶ ಕೊಡುತ್ತದೆ. ದೊಡ್ಡ ಕೂಲರ್‌ನ ಎತ್ತರಕ್ಕೆ ಕ್ಯಾಬಿನೆಟ್‌ನಲ್ಲಿ ಜಾಗವಿದೆಯೇ, ರ್ಯಾಮ್ ಸ್ಟಿಕ್‌ಗಳಿಗೆ ಅದು ಅಡ್ಡ ಬರುತ್ತದೆಯೇ ಎಂದು ಕೊಳ್ಳುವ ಮೊದಲು ಅಳತೆ ನೋಡಿಕೊಳ್ಳಿ.

ಫ್ಯಾನ್ ಒಂದೂ ಇಲ್ಲದ ಯಂತ್ರವೂ ಸಾಧ್ಯ, ಅದಕ್ಕೆಂದೇ ಮಾಡಿದ ಕ್ಯಾಬಿನೆಟ್‌ಗಳಿವೆ. ಆದರೂ ನನ್ನ ಒಲವು ನಿಮಿಷಕ್ಕೆ ಐನೂರು ಸುತ್ತಿನಲ್ಲಿ ತಿರುಗುವ ಫ್ಯಾನಿನ ಕಡೆಗೇ. ಅಷ್ಟು ನಿಧಾನದ ಒಳ್ಳೆಯ ಫ್ಯಾನ್ ಒಂದು ಮೀಟರ್ ದೂರಕ್ಕೆ ಕೇಳಿಸುವುದು ಕಷ್ಟ. ಅದು ಎಬ್ಬಿಸುವ ತೆಳು ಗಾಳಿ ಮಾತ್ರ ಎಸ್‌ಎಸ್‌ಡಿ, ರ್ಯಾಮ್, ಬೋರ್ಡಿನ ವಿದ್ಯುತ್ ಭಾಗ ಎಲ್ಲವನ್ನೂ ತಂಪಾಗಿಡುತ್ತದೆ.

ಸದ್ದು ಹೀರುವ ಹೊದಿಕೆಯ ಮುಚ್ಚಿದ ಕ್ಯಾಬಿನೆಟ್ ಒಳ್ಳೆಯದೋ, ಜಾಲರಿ ಮುಖದ್ದೋ? ಹೊದಿಕೆ ತಡೆಯುವುದು ಹೆಚ್ಚಾಗಿ ಮೇಲಿನ ಆವರ್ತನಗಳನ್ನು. ಕೆಳಗಿನ ಗುಂಯ್‌ಗುಡುವಿಕೆಗೆ ಅದರಿಂದ ಅಂಥ ಪರಿಣಾಮವಿಲ್ಲ. ಜಾಲರಿಯಿದ್ದರೆ ಗಾಳಿ ಸಲೀಸಾಗಿ ಹಾಯ್ದು ಫ್ಯಾನ್‌ಗಳೇ ನಿಧಾನವಾಗುತ್ತವೆ. 65 ವ್ಯಾಟ್ ಪ್ರೊಸೆಸರ್ ಇದ್ದು ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮುಚ್ಚಿದ್ದನ್ನು ನೆಚ್ಚಬಹುದು. ಅದಕ್ಕಿಂತ ಬಿಸಿಯಾದ ಯಂತ್ರಕ್ಕೆ ಜಾಲರಿಯೇ ಸರಿ.

ಪವರ್ ಸಪ್ಲೈ ವಿದ್ಯುತ್ ದಕ್ಷತೆಯಲ್ಲಿ 80 ಪ್ಲಸ್ ಗೋಲ್ಡ್ ದರ್ಜೆಯದ್ದಾಗಿರಲಿ, ಕಡಿಮೆ ಹೊರೆಯಲ್ಲಿ ಫ್ಯಾನ್ ತಿರುಗಿಸದ ಬಗೆಯದ್ದಾಗಿರಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 550 ವ್ಯಾಟ್‌ನದು ಹಾಕಿದರೆ ಅದರ ಫ್ಯಾನ್ ಹೆಚ್ಚು ಹೊತ್ತು ನಿಂತೇ ಇರುತ್ತದೆ. ಕೆಲವು ಪವರ್ ಸಪ್ಲೈಗಳು ಫ್ಯಾನ್ ನಿಂತಿದ್ದರೂ ಸಣ್ಣಗೆ ಕೀಂಯ್ ಎನ್ನುತ್ತವೆ. ಅದು ಒಳಗಿನ ಸುರುಳಿಗಳು ಕಂಪಿಸುವ ಸದ್ದು, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ನಿಶ್ಶಬ್ದ ಕೋಣೆಯಲ್ಲಿ ಕಿವಿಯಿಟ್ಟು ಕೇಳಿ, ಅನುಮಾನ ಬಂದರೆ ಬದಲಿಸಿಕೊಳ್ಳಿ.

ಜೋಡಣೆ

ಕೆಲಸದ ಕ್ರಮ ಎಲ್ಲ ಕಂಪ್ಯೂಟರ್‌ಗಳಂತೆಯೇ. ಮೇಜಿನ ಮೇಲೆ ಬೋರ್ಡ್ ಇಟ್ಟು ಪ್ರೊಸೆಸರ್, ರ್ಯಾಮ್, ಎಸ್‌ಎಸ್‌ಡಿ ಕೂರಿಸಿ. ಬಟಾಣಿ ಗಾತ್ರದ ಥರ್ಮಲ್ ಪೇಸ್ಟ್ ಹಚ್ಚಿ ಕೂಲರ್ ಬಿಗಿಯಿರಿ; ಸ್ಕ್ರೂಗಳನ್ನು ಒಂದೊಂದನ್ನೇ ಪೂರ್ತಿ ತಿರುಗಿಸದೆ, ಆ ಬದಿ ಈ ಬದಿ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ. ಕೂಲರ್‌ನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯಬೇಡಿ. ಆಮೇಲೆ ಬೋರ್ಡನ್ನು ಕ್ಯಾಬಿನೆಟ್‌ನಲ್ಲಿ ಕೂರಿಸಿ ಪವರ್ ಸಪ್ಲೈ ಜೋಡಿಸಿ.

ಸದ್ದಿನ ದೃಷ್ಟಿಯಿಂದ ಮೂರು ಕಡೆ ನಿಧಾನಿಸಿ. ಫ್ಯಾನ್‌ಗಳನ್ನು ಲೋಹದ ಸ್ಕ್ರೂಗಳ ಬದಲು ರಬ್ಬರ್ ಪಿನ್‌ಗಳಿಂದ ಹಿಡಿಸಿದರೆ ಅವುಗಳ ಕಂಪನ ತಗಡಿಗೆ ದಾಟುವುದಿಲ್ಲ. ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಹೊರಗೆ ಹೋಗುವಂತಿರಲಿ. ಫ್ಯಾನಿನ ಕಂಬಿಗಳಿರುವ ಬದಿಯಿಂದ ಗಾಳಿ ಹೊರಡುತ್ತದೆ ಎಂಬ ಗುರುತು ಸಾಕು. ಕೇಬಲ್‌ಗಳನ್ನು ಹಿಂಬದಿಯಲ್ಲಿ ಕಟ್ಟಿಡಿ, ಸಡಿಲವಾದ ಒಂದು ತಂತಿ ರೆಕ್ಕೆಗೆ ತಾಗಿದರೂ ಟರ್ ಎಂಬ ಸದ್ದು ಶುರುವಾಗುತ್ತದೆ. ಕೊನೆಗೆ ಕ್ಯಾಬಿನೆಟ್‌ನ ಪಕ್ಕದ ತಗಡುಗಳನ್ನು ಅಂಗೈಯಿಂದ ಒತ್ತಿ ನೋಡಿ. ಒತ್ತಿದಾಗ ಸದ್ದು ಬದಲಾದರೆ ಅಲ್ಲೊಂದು ಸ್ಕ್ರೂ ಸಡಿಲವಿದೆ ಎಂದೇ ತಿಳಿಯಿರಿ.

ಫ್ಯಾನ್ ಕರ್ವ್: ತಾಳ್ಮೆಯಿಂದ ಮಾಡಬೇಕಾದ ಕೆಲಸ

ಬಯೋಸ್ ತೆರೆದು ಫ್ಯಾನ್ ಕಂಟ್ರೋಲ್ ಪುಟಕ್ಕೆ ಹೋಗಿ. ಯಾವ ಉಷ್ಣತೆಗೆ ಫ್ಯಾನ್ ಎಷ್ಟು ವೇಗ ತಿರುಗಬೇಕೆಂದು ತೋರಿಸುವ ಗೆರೆ ಅಲ್ಲಿರುತ್ತದೆ, ಅದೇ ಫ್ಯಾನ್ ಕರ್ವ್. ಕಂಪನಿ ಕೊಟ್ಟ ಹೊಂದಾಣಿಕೆಯಲ್ಲಿ ಅದು ಹೆಚ್ಚಾಗಿ ಕಡಿಮೆ ಉಷ್ಣತೆಯಿಂದಲೇ ಮೇಲೇರಲು ಶುರುವಾಗಿರುತ್ತದೆ. ಒಂದು ಭಾರದ ಪ್ಲಗಿನ್ ತೆರೆದರೆ ಪ್ರೊಸೆಸರ್ ಉಷ್ಣತೆ ಒಂದೆರಡು ಸೆಕೆಂಡಿನಲ್ಲಿ ಹತ್ತಿಪ್ಪತ್ತು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ. ಫ್ಯಾನ್ ಅದರ ಬೆನ್ನಟ್ಟಿ ಏರುತ್ತದೆ, ಇಳಿಯುತ್ತದೆ. ಒಂದೇ ಸಮನಾದ ಮೆಲುಸದ್ದನ್ನು ಕಿವಿ ಬೇಗ ಮರೆಯುತ್ತದೆ. ಹೀಗೆ ಏರಿಳಿಯುವ ಸದ್ದನ್ನು ಮರೆಯುವುದಿಲ್ಲ, ಮೈಕ್ ಅಂತೂ ಮೊದಲೇ ಮರೆಯುವುದಿಲ್ಲ.

60 ಡಿಗ್ರಿವರೆಗೆ ಗೆರೆಯನ್ನು ಸಮತಟ್ಟಾಗಿ ಎಳೆಯಿರಿ, ಫ್ಯಾನ್ ನಿಮಿಷಕ್ಕೆ 500ರಿಂದ 600 ಸುತ್ತಿನಲ್ಲಿರಲಿ. 60ರಿಂದ 80ರವರೆಗೆ ಮೆಲ್ಲನೆ ಏರಲಿ. 85 ದಾಟಿದರೆ ಮಾತ್ರ ಪೂರ್ಣ ವೇಗ. ಈಗಿನ ಪ್ರೊಸೆಸರ್‌ಗಳಿಗೆ 70, 75 ಡಿಗ್ರಿ ಯಾವ ಹಾನಿಯನ್ನೂ ಮಾಡುವುದಿಲ್ಲ. ವೇಗ ಏರುವ ಮೊದಲು ಕೆಲವು ಸೆಕೆಂಡ್ ಕಾಯುವ ಆಯ್ಕೆ ಬಹುತೇಕ ಬೋರ್ಡ್‌ಗಳಲ್ಲಿ ಇರುತ್ತದೆ, ಅದನ್ನು ಸಿಕ್ಕಷ್ಟು ಹೆಚ್ಚಿಸಿ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರ್ ಉಷ್ಣತೆಗೆ ಕಟ್ಟದೆ ಮದರ್‌ಬೋರ್ಡಿನ ಉಷ್ಣತೆಗೆ ಕಟ್ಟಿ. ಅದು ನಿಧಾನವಾಗಿ ಬದಲಾಗುವುದರಿಂದ ಫ್ಯಾನ್‌ಗಳೂ ಶಾಂತವಾಗಿರುತ್ತವೆ.

ಆಪರೇಟಿಂಗ್ ಸಿಸ್ಟಮ್ ಮತ್ತು ಡ್ರೈವರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಯಂತ್ರಕ್ಕೆ ವಿಂಡೋಸ್ 11 ಹಾಕಿ. ಮೊದಲು ಚಿಪ್‌ಸೆಟ್ ಡ್ರೈವರ್, ನಂತರ ಆಡಿಯೊ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ (ಕಡಿಮೆ ವಿಳಂಬದಲ್ಲಿ ಧ್ವನಿ ಸಾಗಿಸುವ ಬಗೆಯದು). ಎಎಸ್‌ಐಒ4ಆಲ್ ಎಂಬುದು ಸ್ವಂತ ಡ್ರೈವರ್ ಇಲ್ಲದ ಸಾಧನಗಳಿಗೆ ತಾತ್ಕಾಲಿಕ ಊರುಗೋಲು. ಕಂಪನಿಯ ಡ್ರೈವರ್ ಇದ್ದಾಗ ಅದು ಬೇಡ. ಇಂಟರ್‌ಫೇಸ್ ಕೊಳ್ಳುವಾಗಲೂ ಅದರ ಪ್ರಿಆಂಪ್‌ನಷ್ಟೇ ಅದರ ಡ್ರೈವರ್‌ನ ಬಗ್ಗೆಯೂ ವಿಚಾರಿಸಿ. ಇಂಟರ್‌ಫೇಸನ್ನು ಹಬ್ ಇಲ್ಲದೆ ಬೋರ್ಡಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಸಿಕ್ಕಿಸಿ.

ಇನ್ನು ಹೊಂದಾಣಿಕೆಗಳು. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ನಲ್ಲಿರಲಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಆಗಿರಲಿ, ಸ್ಲೀಪ್ ಬೇಡ. ಪ್ರಾಜೆಕ್ಟ್ ಫೋಲ್ಡರ್ ಅನ್ನು ಕ್ಲೌಡ್‌ಗೆ ಕಳುಹಿಸುವ ತಂತ್ರಾಂಶ ಮುದ್ರಣದ ಹೊತ್ತಿನಲ್ಲಿ ನಿಂತಿರಲಿ. ಸ್ಯಾಂಪಲ್ ಫೋಲ್ಡರ್‌ಗಳನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ. ಇಷ್ಟಕ್ಕೇ ನಿಲ್ಲಿಸಿ. ಪ್ರೊಸೆಸರ್‌ನ ಸಿ-ಸ್ಟೇಟ್‌ಗಳನ್ನೆಲ್ಲ (ಕೆಲಸವಿಲ್ಲದಾಗ ವಿದ್ಯುತ್ ಉಳಿಸುವ ಸ್ಥಿತಿಗಳು) ಆಫ್ ಮಾಡಿ, ಹತ್ತಾರು ಸೇವೆಗಳನ್ನು ಕಿತ್ತುಹಾಕಿ ಎನ್ನುವ ಉದ್ದುದ್ದ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಸಿ-ಸ್ಟೇಟ್ ಆಫ್ ಮಾಡಿದರೆ ಸುಮ್ಮನೆ ಕೂತ ಯಂತ್ರವೂ ಬಿಸಿಯಾಗಿ, ಇಷ್ಟು ಹೊತ್ತು ಇಳಿಸಿದ ಫ್ಯಾನ್ ಸದ್ದು ಮತ್ತೆ ಏರುತ್ತದೆ. ಪರೀಕ್ಷೆಯಲ್ಲಿ ತೊಂದರೆ ಕಂಡರೆ ಮಾತ್ರ, ಒಂದೊಂದಾಗಿ ಬದಲಿಸಿ ನೋಡಿ.

ನಂಬುವ ಮೊದಲು ಪರೀಕ್ಷೆ

ಮೊದಲ ರಾತ್ರಿ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಬೆಳಗ್ಗೆ ಒಂದು ತಪ್ಪೂ ಇರಬಾರದು. ಆಮೇಲೆ ಒಂದು ಗಂಟೆ ಪ್ರೈಮ್95 ಅಥವಾ ಒಸಿಸಿಟಿಯಿಂದ ಪ್ರೊಸೆಸರ್‌ಗೆ ಪೂರ್ಣ ಹೊರೆ ಕೊಟ್ಟು ಉಷ್ಣತೆ ಗಮನಿಸಿ.

ಮೂರನೆಯದು ಲೇಟೆನ್ಸಿಮಾನ್. ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಮೈಕ್ರೊಸೆಕೆಂಡ್ ಹಿಡಿದಿಟ್ಟುಕೊಂಡಿತು ಎಂದು ಈ ತಂತ್ರಾಂಶ ತೋರಿಸುತ್ತದೆ. ಹದಿನೈದಿಪ್ಪತ್ತು ನಿಮಿಷ ಓಡಿಸಿ ಗರಿಷ್ಠ ಸಂಖ್ಯೆ ನೋಡಿ. 64ರ ಬಫರ್‌ಗೆ ಒಟ್ಟು ಸಿಗುವುದೇ 1330 ಮೈಕ್ರೊಸೆಕೆಂಡ್. ಯಾವುದೋ ಡ್ರೈವರ್ ಅದರಲ್ಲಿ ಸಾವಿರವನ್ನು ನುಂಗಿದರೆ ಸಂಗೀತಕ್ಕೆ ಉಳಿಯುವುದು ಏನು? ಪಟ್ಟಿಯ ಮೇಲ್ಭಾಗದಲ್ಲಿ ನೆಟ್‌ವರ್ಕ್ ಡ್ರೈವರ್ ಕಂಡರೆ ವೈಫೈ ಆಫ್ ಮಾಡಿ ಮತ್ತೆ ಅಳೆಯಿರಿ. ಗ್ರಾಫಿಕ್ಸ್ ಡ್ರೈವರ್ ಕಂಡರೆ ಅದರ ಬೇರೆ ಆವೃತ್ತಿ ಹಾಕಿ ನೋಡಿ. ಪ್ರೊಸೆಸರ್ ಬಳಕೆ ಬರೀ ಇಪ್ಪತ್ತು ಪ್ರತಿಶತವಿದ್ದೂ ಧ್ವನಿ ಒಡೆಯುವ ಒಗಟು ಬಿಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಕೊನೆಗೆ ನೀವು ಬಳಸುವ ತಂತ್ರಾಂಶದಲ್ಲೇ, ಅದು ರೀಪರ್ ಇರಲಿ, ಕ್ಯೂಬೇಸ್ ಇರಲಿ, ಏಬಲ್ಟನ್ ಲೈವ್ ಇರಲಿ, ನಿಮ್ಮ ಅತಿ ಭಾರದ ಪ್ರಾಜೆಕ್ಟ್ ತೆರೆದು 128ರ ಬಫರ್‌ನಲ್ಲಿ ಒಂದು ಗಂಟೆ ಸುತ್ತಿ ಸುತ್ತಿ ನುಡಿಸಿ.

ಮೌನವನ್ನು ಮುದ್ರಿಸಿ ನೋಡಿ

ಎಷ್ಟು ಸದ್ದು ಉಳಿದಿದೆ, ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಮೈಕ್‌ಗಿಂತ ಒಳ್ಳೆಯ ಸಾಧನವಿಲ್ಲ. ಕಿಟಕಿ ಮುಚ್ಚಿ, ಕೋಣೆಯ ಫ್ಯಾನ್ ನಿಲ್ಲಿಸಿ, ಹಾಡುವಾಗ ಇಡುವ ಗೇನ್‌ನಲ್ಲೇ ಒಂದು ನಿಮಿಷ ಮೌನವನ್ನು ಮುದ್ರಿಸಿಕೊಳ್ಳಿ. ಅದನ್ನು 30 ಡೆಸಿಬೆಲ್ ಏರಿಸಿ ಹೆಡ್‌ಫೋನಿನಲ್ಲಿ ಕೇಳುತ್ತ ವೊಕ್ಸೆಂಗೊ ಸ್ಪ್ಯಾನ್‌ನಂಥ ಉಚಿತ ಸ್ಪೆಕ್ಟ್ರಮ್ ಪ್ಲಗಿನ್‌ನಲ್ಲಿ ನೋಡಿ. ಇಷ್ಟು ಏರಿಸುವುದು ಅತಿಯಾಯಿತು ಎನಿಸಬಹುದು. ಹಾಡಿಗೆ ಕಂಪ್ರೆಸರ್ ಹಾಕಿ ಮಟ್ಟವನ್ನು 10 ಡೆಸಿಬೆಲ್ ಎತ್ತಿದಾಗ ಅದರ ಹಿಂದಿನ ಸದ್ದೂ ಅಷ್ಟೇ ಎದ್ದು ಬರುತ್ತದೆ, ಎರಡು ಮೂರು ದನಿಗಳನ್ನು ಒಂದರ ಮೇಲೊಂದು ಮುದ್ರಿಸಿದಾಗ ಮತ್ತಷ್ಟು.

ಸ್ಪೆಕ್ಟ್ರಮ್‌ನಲ್ಲಿ ಚೂಪಾಗಿ ಎದ್ದ ಶಿಖರಗಳನ್ನು ಗುರುತು ಹಾಕಿಕೊಳ್ಳಿ. ವಿದ್ಯುತ್ ಜಾಲ 50 ಹರ್ಟ್ಸ್ ಇರುವ ಕಡೆ 50, 100, 150ರಲ್ಲಿ, 60 ಇರುವ ಕಡೆ 60, 120, 180ರಲ್ಲಿ ಶಿಖರ ಕಂಡರೆ ಅದು ವಿದ್ಯುತ್ತಿನ ಗುಂಯ್. ಫ್ಯಾನಿನದೂ ಲೆಕ್ಕಕ್ಕೆ ಸಿಗುತ್ತದೆ: ಒಂಬತ್ತು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು, ರೆಕ್ಕೆಗಳು ಎಬ್ಬಿಸುವ ಸ್ವರ 180 ಹರ್ಟ್ಸ್. ಎರಡರಲ್ಲಿ ಯಾವುದೆಂಬ ಅನುಮಾನ ಬಂದರೆ ಫ್ಯಾನ್ ವೇಗ ಬದಲಿಸಿ ಮತ್ತೆ ಮುದ್ರಿಸಿ. ಜಾಗ ಬದಲಿಸಿದ ಶಿಖರ ಫ್ಯಾನಿನದು, ಕದಲದೆ ನಿಂತದ್ದು ವಿದ್ಯುತ್ತಿನದು.

ವಿದ್ಯುತ್ತಿನ ಗುಂಯ್ ಆದರೆ ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಎಲ್ಲವನ್ನೂ ಒಂದೇ ವಿದ್ಯುತ್ ಪಟ್ಟಿಗೆ ಸೇರಿಸಿ, ಸ್ಪೀಕರ್‌ಗಳಿಗೆ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಗುಂಯ್ ತಪ್ಪಿಸಲೆಂದು ಅರ್ಥಿಂಗ್ ಪಿನ್ ಕತ್ತರಿಸುವುದು ಪ್ರಾಣಾಪಾಯದ ಕೆಲಸ, ಯಾರು ಹೇಳಿದರೂ ಮಾಡಬೇಡಿ.

ಫ್ಯಾನಿನ ಸದ್ದು ಉಳಿದಿದ್ದರೆ ಮೈಕ್‌ನ ಮುಖ ತಿರುಗಿಸಿ. ಕಾರ್ಡಿಯಾಯ್ಡ್ ಮೈಕ್‌ಗೆ ಅತಿ ಕಡಿಮೆ ಕೇಳುವುದು ಅದರ ಬೆನ್ನಿನ ಕಡೆ, ಆದ್ದರಿಂದ ಬೆನ್ನು ಕಂಪ್ಯೂಟರ್ ಕಡೆಗಿರಲಿ. ಫಿಗರ್ ಎಂಟರ ಮೈಕ್ ಆದರೆ ಪಕ್ಕಗಳು ಕಿವುಡು. ಮೈಕ್‌ನಿಂದ ಯಂತ್ರದ ದೂರವನ್ನು ಇಮ್ಮಡಿಸಿದರೆ ತೆರೆದ ಜಾಗದಲ್ಲಿ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗಳಿರುವ ಕೋಣೆಯಲ್ಲಿ ಅದಕ್ಕಿಂತ ತುಸು ಕಡಿಮೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ವರೆಗೆ ಇರಬಹುದಾದ್ದರಿಂದ ಯಂತ್ರವನ್ನು ಮೇಜಿನಿಂದ ಇಳಿಸಿ ಕೋಣೆಯ ಆಚೆ ಮೂಲೆಗೆ ಸಾಗಿಸಲು ಅಡ್ಡಿಯಿಲ್ಲ. ಗಾಳಿಯಾಡದ ಕಪಾಟಿನೊಳಗೆ ಮಾತ್ರ ಇಡಬೇಡಿ, ಅಲ್ಲಿ ಬಿಸಿ ಕಟ್ಟಿ ಫ್ಯಾನ್‌ಗಳು ಇನ್ನೂ ಜೋರಾಗುತ್ತವೆ. ಇಷ್ಟಾದ ಮೇಲೂ ಮೈಕ್‌ನ ಸ್ವಂತ ಸದ್ದಿನ ಚಿಂತೆ ಹತ್ತಿದರೆ ಒಂದು ಅಂಕಿ ನೋಡಿ: ನಾಯ್ಮನ್ ಟಿಎಲ್‌ಎಂ 103 ಮೈಕ್‌ನ ಸ್ವಂತ ಸದ್ದು 7 ಡೆಸಿಬೆಲ್. ರಾತ್ರಿಯ ಮಲಗುವ ಕೋಣೆಯೂ ಸುಮಾರು 30 ಡೆಸಿಬೆಲ್ ಇರುತ್ತದೆ. ಮೈಕ್ ಬದಲಿಸುವುದಕ್ಕಿಂತ ಕೋಣೆಯನ್ನು ಸರಿಮಾಡುವುದೇ ಮೊದಲ ಕೆಲಸ.

ವರ್ಷಾನುಗಟ್ಟಲೆ ನಡೆಯಲು

ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾದ ದಿನವೇ ಸಿಸ್ಟಮ್ ಡ್ರೈವ್‌ನ ಪೂರ್ಣ ಇಮೇಜ್ (ಇಡೀ ಡ್ರೈವ್‌ನ ಯಥಾಪ್ರತಿ) ತೆಗೆದಿಟ್ಟುಕೊಳ್ಳಿ. ಪ್ರಾಜೆಕ್ಟ್‌ಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಮುದ್ರಣ ನಡೆದಿರುವ ಪ್ರಾಜೆಕ್ಟ್ ಮುಗಿಯುವವರೆಗೆ ವಿಂಡೋಸ್, ಡ್ರೈವರ್, ಪ್ಲಗಿನ್ ಯಾವುದನ್ನೂ ಹೊಸ ಆವೃತ್ತಿಗೆ ತರಬೇಡಿ. ಎರಡು ಪ್ರಾಜೆಕ್ಟ್‌ಗಳ ನಡುವಿನ ಬಿಡುವಿನಲ್ಲಿ ಇಮೇಜ್ ತೆಗೆದುಕೊಂಡು ಎಲ್ಲವನ್ನೂ ಒಟ್ಟಿಗೆ ಮಾಡಿ. ವಿದ್ಯುತ್ ಹೋಗುವ ಸಾಧ್ಯತೆ ಇರುವಲ್ಲಿ ಯುಪಿಎಸ್ ಬೇಕು, ಆದರೆ ಅದರೊಳಗೂ ಫ್ಯಾನ್ ಇರಬಹುದಾದ್ದರಿಂದ ಅದನ್ನೂ ಮೈಕ್‌ನಿಂದ ದೂರವಿಡಿ.

ಮೂರು ನಾಲ್ಕು ತಿಂಗಳಿಗೊಮ್ಮೆ ಯಂತ್ರ ಆಫ್ ಮಾಡಿ, ಮುಂದಿನ ಧೂಳು ಜಾಲರಿಯನ್ನು ತೆಗೆದು ತೊಳೆದು ಒಣಗಿಸಿ ಹಾಕಿ. ಹೀಟ್‌ಸಿಂಕ್‌ನ ಎಲೆಗಳ ನಡುವಿನ ಧೂಳನ್ನು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಗಾಳಿಯ ರಭಸಕ್ಕೆ ಅದು ಅತಿವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಯಂತ್ರ ಆನ್ ಮಾಡಿದ ಮೊದಲ ಕೆಲವು ನಿಮಿಷ ಮಾತ್ರ ಗರಗರ ಎಂದು ಆಮೇಲೆ ಸುಮ್ಮನಾಗುವ ಫ್ಯಾನ್ ಇದ್ದರೆ ಅದರ ಬೇರಿಂಗ್ ಸವೆಯುತ್ತಿದೆ ಎಂದರ್ಥ. ಅದು ಪೂರ್ತಿ ನಿಲ್ಲುವವರೆಗೆ ಕಾಯದೆ ಹೊಸದನ್ನು ಹಾಕಿ, ಕರ್ವ್ ಅನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಿ.